ಬಳೆ ತೊಡುವಷ್ಟು ಹೊತ್ತು

ನನ್ನ ಓರಗಿತ್ತಿಯ ಕೈಗುಣ ಒಳ್ಳೆಯದು ಎಂದು ಮನೆಯವರೆಲ್ಲ ಹೇಳತೊಡಗಿದ ಮೇಲೆ ನನಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಹತ್ತು ವರ್ಷ ಚಿಕ್ಕವಳು, ಇಲ್ಲೇ ನಮ್ಮ ತಾಲ್ಲೂಕಿನ ಮಧುರೆಯ ಕಡೆಯವಳು. ಅವಳು ಹೆಪ್ಪು ಹಾಕಿದರೆ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗುತ್ತಿತ್ತು. ಅವಳು ಉದುರಿಸಿದ ಕೊತ್ತಂಬರಿ ಬೀಜ ಒಂದೂ ಬಿಡದೆ ಮೊಳೆಯುತ್ತಿತ್ತು. ಅಷ್ಟನ್ನು ಹೇಗೋ ಸಹಿಸಿಕೊಂಡಿದ್ದೆ. ಆದರೆ ಕಂಪ್ಯೂಟರಿಗೂ ಕೈಗುಣ ಬೇಕು, ಅದು ಅವಳಿಗಿದೆ, ನನಗಿಲ್ಲ ಎಂದು ತೀರ್ಮಾನವಾದ ದಿನ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಯಾಕೆಂದರೆ ಆ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಬರೆದವಳು ನಾನು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಮುಂದೆ ವಾಸ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಕರೆಂಟಿನ ಮೇಲೆ ನಡೆಯುವ ನಾಲ್ಕು ಮಗ್ಗ. ಮಾವನವರ ಹಿರಿಯರು ರಾಗಿ ಬೆಳೆಯುತ್ತಿದ್ದವರು. ಮಾವ ಊರು ಬಿಟ್ಟು ಇಲ್ಲಿಗೆ ಬಂದು ಮೊದಲ ಮಗ್ಗ ಹಾಕಿದರು. ನಾನು ದೊಡ್ಡಬೆಳವಂಗಲದಿಂದ ಕಂಪ್ಯೂಟರ್ ಡಿಪ್ಲೊಮಾ ಹಿಡಿದುಕೊಂಡು ಸೊಸೆಯಾಗಿ ಬಂದಾಗ ಸೀರೆಯ ಹೂವು, ಅಂಚುಗಳನ್ನೆಲ್ಲ ಇಲ್ಲಿ ಚೌಕದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಒಂದೊಂದು ಚೌಕವೂ ಒಂದು ಎಳೆ. ಆ ಕಾಗದ ನೋಡಿ ರಟ್ಟಿನಲ್ಲಿ ತೂತು ಹೊಡೆಯಬೇಕು, ಆ ರಟ್ಟನ್ನು ಮಗ್ಗದ ತಲೆಯ ಮೇಲಿನ ಜಕಾರ್ಡಿಗೆ ಕೊಡಬೇಕು. ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ಹೇಳುವುದು ಆ ಜಕಾರ್ಡ್. ನಾಲ್ಕು ವರ್ಷ ಕೂತು, ರಟ್ಟಿನ ಕಾಟವೇ ಇಲ್ಲದಂತೆ ತೆರೆಯ ಮೇಲೆ ಚೌಕ ತುಂಬಿ ಪೆನ್‌ಡ್ರೈವಿನಲ್ಲಿ ಮಗ್ಗಕ್ಕೆ ಕೊಡುವ ಪ್ರೋಗ್ರಾಂ ಬರೆದೆ. ನಮ್ಮ ಬೀದಿಯ ಆರೇಳು ಶೆಡ್ಡಿನವರು ಅದನ್ನು ಇಟ್ಟುಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ.

ಓರಗಿತ್ತಿ ಮದುವೆಗೆ ಮುಂಚೆ ದಾಬಸ್‌ಪೇಟೆಯ ಗೋದಾಮಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸರಕಿನ ಚೀಟಿ ಹೊಡೆಯುತ್ತಿದ್ದಳು. ಹಾಗಾಗಿ ಬಂದ ವಾರಕ್ಕೇ ನನ್ನ ಪ್ರೋಗ್ರಾಂ ಕಲಿತಳು. ಕಲಿಸಿದವಳೂ ನಾನೇ. ಶೆಡ್ಡಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಆಗ ಒಂದು ಹಳೆಯ ವಿಂಡೋಸ್ ಕಂಪ್ಯೂಟರ್ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿಗೆ ಬದಲಾಗಿ ಲಿನಕ್ಸ್. ಸಾಲದ್ದಕ್ಕೆ ಮೈದುನ ಬೆಂಗಳೂರಿನಲ್ಲಿ ಬಾಗಿಲು ಮುಚ್ಚುತ್ತಿದ್ದ ಯಾವುದೋ ಜಾಹೀರಾತಿನ ಆಫೀಸಿನಿಂದ ಸೆಕೆಂಡ್‌ಹ್ಯಾಂಡ್ ಮ್ಯಾಕ್ ಒಂದನ್ನು ಹೊತ್ತು ತಂದು ಹೆಂಡತಿಯ ಮುಂದೆ ಇಟ್ಟ. ಕನ್ನಡಿಯಂಥ ದೊಡ್ಡ ತೆರೆ, ಅದಕ್ಕೆ ಹೊದಿಸಲು ಅತ್ತೆಯ ಹಳೆಯ ರೇಷ್ಮೆ ಸೀರೆಯ ತುಂಡು. ನಾಲ್ಕು ವರ್ಷ ಕಣ್ಣು ಕೆಂಪು ಮಾಡಿಕೊಂಡ ನನಗೆ ನನ್ನ ಗಂಡ ಕೊಡಿಸಿದ್ದು ಒಂದು ಮೌಸ್ ಪ್ಯಾಡು. ಆ ಮ್ಯಾಕಿನಲ್ಲೂ ಓಡುವ ಹಾಗೆ ಪ್ರೋಗ್ರಾಮನ್ನು ಸರಿಮಾಡಿ ಕೊಡುವ ಕೆಲಸ ಮತ್ತೆ ನನ್ನದೇ.

ಇನ್ನು ಮಾವನವರ ಪದ್ಧತಿಯೊಂದನ್ನು ಹೇಳಬೇಕು. ಸಂಜೆ ದೇವರಿಗೆ ದೀಪ ಹಚ್ಚುವ ಮುಂಚೆ ಅವರು ಶೆಡ್ಡಿನ ಮೈನ್ ಸ್ವಿಚ್ ಇಳಿಸುತ್ತಾರೆ. ಬಹಳ ಹಿಂದೆ ಯಾರದೋ ಶೆಡ್ಡಿನಲ್ಲಿ ವೈರು ಸುಟ್ಟು ರೇಷ್ಮೆಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ನೋಡಿದ್ದಾರೆ. ಮಗ್ಗ ನಿಂತ ಮೇಲೆ ಹಿಡಿಯ ಮೇಲೆ ಕೈ ಇಟ್ಟು "ಆಯ್ತೇನವ್ವಾ?" ಎಂದು ಕೋಣೆಯ ಕಡೆಗೆ ಕೂಗುತ್ತಾರೆ. "ಆಯ್ತು ಮಾವ" ಎಂದರೆ ಟಕ್ಕನೆ ಇಳಿಸಿ ಕೈ ಮುಗಿಯುತ್ತಾರೆ. ಕಂಪ್ಯೂಟರೂ ಅದೇ ಮೈನಿನ ಮೇಲೆ. ಅದನ್ನು ಬೇರೆಯಾಗಿ ಆರಿಸಬೇಕು ಎಂದು ಅವರಿಗೆ ಎಷ್ಟು ಹೇಳಿದರೂ "ಮಗ್ಗ ಆರಲ್ವಾ, ಅದೂ ಆರುತ್ತೆ ಬಿಡವ್ವ" ಎನ್ನುತ್ತಿದ್ದರು. ಯುಪಿಎಸ್ ಇರಲಿಲ್ಲವೇ ಎಂದರೆ ಇತ್ತು. ಅದು ಟಿವಿಯ ಹಿಂದೆ ಇತ್ತು. ಅತ್ತೆಯ ಧಾರಾವಾಹಿ ನಡುವೆ ನಿಲ್ಲುವಂತಿರಲಿಲ್ಲ.

ನಾನೂ ಆ ಪದ್ಧತಿಗೆ ಒಗ್ಗಿಹೋಗಿದ್ದೆ. ಸೇವ್ ಒತ್ತುವುದು, ಹಸಿರು ಅಕ್ಷರದಲ್ಲಿ 'ಉಳಿಸಲಾಗಿದೆ' ಎಂದು ಬರುವುದು, ಬಂದ ಕೂಡಲೇ "ಇಳಿಸಿ ಮಾವ" ಎನ್ನುವುದು. ನನ್ನದು ಚುರುಕು ಕೈ. ಆ ಹಸಿರು ಅಕ್ಷರ ಬರೆದವಳು ನಾನೇ ಆದ್ದರಿಂದ ಅದನ್ನು ಅನುಮಾನಿಸುವ ಪ್ರಶ್ನೆಯೇ ಏಳಲಿಲ್ಲ.

ಒಂದು ಬೆಳಿಗ್ಗೆ ವಿಂಡೋಸ್ ಕಂಪ್ಯೂಟರಿನಲ್ಲಿ ಸೆರಗಿನ ಫೈಲು ತೆರೆದರೆ ಬರೀ ಖಾಲಿ ಚೌಕ. ಫೈಲಿನ ಹೆಸರು ಇತ್ತು, ಅಳತೆಯೂ ಸರಿಯಾಗಿತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಒಂದು ವಾರದ ಕೆಲಸ. ಡಿಸ್ಕು ಹಳೆಯದು ಎಂದು ಬೈದು ಮತ್ತೆ ಮಾಡಿದೆ. ಮುಂದಿನ ತಿಂಗಳು ಮತ್ತೊಂದು ಹೋಯಿತು. ಅದೇ ಕಂಪ್ಯೂಟರಿನಲ್ಲಿ, ಅದೇ ಪ್ರೋಗ್ರಾಮಿನಲ್ಲಿ, ಮ್ಯಾಕ್ ಬರುವವರೆಗೂ ಓರಗಿತ್ತಿ ಮಾಡಿದ ಒಂದು ಫೈಲೂ ಹೋಗಿರಲಿಲ್ಲ. ಮ್ಯಾಕ್ ಬಂದ ಮೇಲೂ ಹೋಗಲಿಲ್ಲ. ನನ್ನವು ಮಾತ್ರ ಹೋಗುತ್ತಿದ್ದವು.

ಆಗಲೇ ಅತ್ತೆ ತಮ್ಮ ಕಾಗದವನ್ನು ಹೊರಗೆ ತೆಗೆದದ್ದು.

ಅದು ಈ ಮನೆಯ ಮೊದಲ ಮಗ್ಗಕ್ಕೆ ಅತ್ತೆ ಸ್ವತಃ ಬರೆದ ರುದ್ರಾಕ್ಷಿ ಅಂಚು. ಒಲೆಯ ಮುಂದೆ ಅನ್ನ ಬೇಯುವುದನ್ನು ಕಾಯುತ್ತ ಚೌಕ ತುಂಬಿದ್ದರಂತೆ. ಒಂದು ಮೂಲೆಯಲ್ಲಿ ಅರಿಶಿನದ ಬೆರಳಿನ ಗುರುತು ಈಗಲೂ ಇತ್ತು. ಆ ಅಂಚಿನ ಸೀರೆಗಳೆಲ್ಲ ಆಗ ಅಂಗಡಿಗೆ ಹೋದವು, ಅತ್ತೆ ಒಂದನ್ನೂ ಉಟ್ಟಿರಲಿಲ್ಲ. ಕಾಗದ ಮಡಿಕೆಯಲ್ಲೆಲ್ಲ ಹರಿದು ಮುಟ್ಟಿದರೆ ಉದುರುವಂತಾಗಿತ್ತು. ಅದನ್ನು ಕಂಪ್ಯೂಟರಿಗೆ ಏರಿಸಿ ಒಂದು ಸೀರೆ ನೇಯಿಸಿಕೊಂಡು ಉಡಬೇಕು ಎಂಬುದು ಅವರ ಆಸೆ. ಅದನ್ನು ಏರಿಸುವವಳು ನಾನೇ ಎಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೈ ಒರೆಸಿಕೊಂಡು ಮುಂದೆ ಚಾಚಿಯೂ ಆಗಿತ್ತು. ಅತ್ತೆ ಕಾಗದವನ್ನು ನನ್ನ ಕೈ ದಾಟಿಸಿ ಓರಗಿತ್ತಿಯ ಮಡಿಲಿಗೆ ಹಾಕಿದರು.

"ನೀನು ಬುದ್ಧಿವಂತೆ ಕಣವ್ವ, ಇಲ್ಲ ಅನ್ನಲ್ಲ," ಎಂದರು ನನಗೆ. "ಆದ್ರೆ ಕೈಗುಣ ಅನ್ನೋದು ಬೇರೆ. ಇದು ಹೋದ್ರೆ ಮತ್ತೆ ಬರೆಯೋಕೆ ನನ್ ಕಣ್ಣಿಲ್ಲ."

"ಅಕ್ಕನೇ ಮಾಡ್ಲಿ ಬಿಡಿ ಅತ್ತೆ," ಎಂದಳು ಅವಳು. ಅವಳು ಹಾಗೆ ಅಂದದ್ದು ನನಗೆ ಇನ್ನೂ ಉರಿಯಿತು. ಕಸಿದುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದಿನಿಂದ ನನಗೆ ಒಂದೇ ಕೆಲಸ: ಅವಳಿಂದ ಏನಾದರೂ ತಪ್ಪಾಗುತ್ತದೆಯೇ ಎಂದು ಕಾಯುವುದು. ದಾರ ಹುಡುಕುವ ನೆಪದಲ್ಲಿ, ಕಾಫಿ ಕೊಡುವ ನೆಪದಲ್ಲಿ ಸಂಜೆ ಹೊತ್ತಿಗೆ ಸರಿಯಾಗಿ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವಳದು ಆಮೆಯ ಕೆಲಸ. ಕೂರುವ ಮುಂಚೆ ಎರಡೂ ಕೈಯ ಗಾಜಿನ ಬಳೆ ತೆಗೆದು ಕೀಬೋರ್ಡಿನ ಪಕ್ಕ ಜೋಡಿಸುತ್ತಿದ್ದಳು, ಕೆಲಸದಲ್ಲಿ ಸದ್ದಾಗುತ್ತವೆ ಎಂದು. ಮುಗಿದ ಮೇಲೆ ಸೇವ್ ಒತ್ತಿ, ಒಂದೊಂದೇ ಬಳೆಯನ್ನು ಮತ್ತೆ ತೊಟ್ಟು, ತೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀರೆಯ ತುಂಡು ಹೊದಿಸಿ, ಆಮೇಲೆ "ಆಯ್ತು ಮಾವ" ಎನ್ನುತ್ತಿದ್ದಳು. ಮಾವ ಅಷ್ಟು ಹೊತ್ತೂ ಮೈನಿನ ಹಿಡಿ ಹಿಡಿದುಕೊಂಡು ನಿಂತಿರುತ್ತಿದ್ದರು. ನನಗೆ ಅರ್ಧ ನಿಮಿಷ ತಡವಾದರೆ ಗೊಣಗುವವರು ಅವಳಿಗೆ ಏನೂ ಅನ್ನುತ್ತಿರಲಿಲ್ಲ. ಆ ಹೊಟ್ಟೆಕಿಚ್ಚಿನಲ್ಲೇ ಒಂದು ಸಂಜೆ ಗಡಿಯಾರ ನೋಡಿದೆ. ಎಷ್ಟು ಹೊತ್ತು ಕಾಯಿಸುತ್ತಾಳೆ ಎಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಬೇಕೆಂದಿದ್ದೆ. ಸೇವ್ ಒತ್ತಿದಾಗಿನಿಂದ ಮೈನ್ ಇಳಿಯುವವರೆಗೆ ನಲವತ್ತು ಸೆಕೆಂಡು.

ನಲವತ್ತು ಸೆಕೆಂಡು ಎಂದು ಮನಸ್ಸಿನಲ್ಲೇ ಅಂದುಕೊಂಡವಳು ಗಡಿಯಾರವನ್ನು ಮತ್ತೊಮ್ಮೆ ನೋಡಿದೆ. ನನ್ನದು ಎರಡು ಸೆಕೆಂಡು.

ಮಾರನೆಯ ದಿನ ಮಧ್ಯಾಹ್ನವೆಲ್ಲ ಓದಿದೆ. ಡಿಪ್ಲೊಮಾದಲ್ಲಿ ಯಾರೂ ಹೇಳಿಕೊಡದ ಸಂಗತಿ. ಸೇವ್ ಒತ್ತಿದಾಗ ನನ್ನ ಪ್ರೋಗ್ರಾಂ ಚೌಕಗಳನ್ನೆಲ್ಲ ಆಪರೇಟಿಂಗ್ ಸಿಸ್ಟಮಿನ ಕೈಗೆ ಕೊಡುತ್ತದೆ. ಅದು 'ಸರಿ, ಬಂತು' ಎನ್ನುತ್ತದೆ. ನನ್ನ ಪ್ರೋಗ್ರಾಂ ಅದನ್ನು ನಂಬಿ ಹಸಿರು ಅಕ್ಷರ ತೋರಿಸುತ್ತದೆ. ಆದರೆ ಚೌಕಗಳು ಇನ್ನೂ ಡಿಸ್ಕಿಗೆ ಹೋಗಿರುವುದಿಲ್ಲ. ಕರೆಂಟು ಇರುವವರೆಗೆ ಮಾತ್ರ ಇರುವ ಮೆಮೊರಿಯಲ್ಲಿ ಕೂತಿರುತ್ತವೆ. ಬಿಡುವಾದಾಗ ಬರೆದರಾಯಿತು ಎಂದು ಸಿಸ್ಟಂ ಕೆಲವು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ ಇಟ್ಟುಕೊಳ್ಳುತ್ತದೆ. ಲಗ್ನಪತ್ರಿಕೆಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದ ಹಾಗೆ. ಅವರು ಕೊಡ್ತೀನಿ ಬಿಡಿ ಅಂದ ಮಾತ್ರಕ್ಕೆ ಬೀಗರ ಮನೆ ತಲುಪಿತು ಎಂದಲ್ಲ. ಅಷ್ಟರಲ್ಲಿ ಮೈನ್ ಇಳಿದರೆ ಎಲ್ಲ ಹೋಯಿತು. ನನಗೂ ಅವಳಿಗೂ ನಡುವೆ ಇದ್ದದ್ದು ಕೈಗುಣವಲ್ಲ, ಬಳೆ ತೊಡುವಷ್ಟು ಹೊತ್ತು.

ಕಾರಣ ಸಿಕ್ಕಿದ ಸಂತೋಷಕ್ಕಿಂತ ಅವಳ ಕೈಗುಣ ಸುಳ್ಳಾಯಿತಲ್ಲ ಎಂಬ ಸಂತೋಷ ದೊಡ್ಡದಾಗಿತ್ತು. ಓಡಿಹೋಗಿ ಎಲ್ಲರಿಗೂ ಹೇಳುವವಳಿದ್ದೆ. ಆದರೆ ಹೇಳಿದರೆ ತಪ್ಪು ಯಾರದು ಎಂಬ ಪ್ರಶ್ನೆ ಬರುತ್ತದೆ. ಹಸಿರು ಅಕ್ಷರದಲ್ಲಿ ಸುಳ್ಳು ಹೇಳುತ್ತಿದ್ದದ್ದು ನನ್ನ ಪ್ರೋಗ್ರಾಂ. ಅದಕ್ಕೇ ಬಾಯಿ ಮುಚ್ಚಿಕೊಂಡು ಮೊದಲು ಸರಿಮಾಡಲು ಕೂತೆ.

ಚೌಕಗಳನ್ನು ಕೈಗೆ ಕೊಟ್ಟ ಮೇಲೆ 'ಈಗಲೇ ಡಿಸ್ಕಿಗೆ ಬರೆ, ಬರೆದ ಮೇಲೆ ಹೇಳು' ಎಂದು ಸಿಸ್ಟಮನ್ನು ಕೇಳುವ ಕರೆಗಳಿವೆ. ವಿಂಡೋಸಿಗೆ ಅದರದೇ ಒಂದು ಕರೆ. ಲಿನಕ್ಸಿಗೆ ಎಫ್‌ಸಿಂಕ್ ಎಂಬ ಬೇರೊಂದು. ಹಳೆಯ ಫೈಲನ್ನು ಅಳಿಸಿ ಅದರ ಮೇಲೇ ಹೊಸದು ಬರೆಯುವುದನ್ನೂ ಬಿಟ್ಟೆ. ಹೊಸದನ್ನು ಪಕ್ಕದಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸುವುದು. ಮಗ್ಗದಲ್ಲಿ ನಾವು ಹೊಸ ಹಾಸಿನ ಉದ್ದದ ಎಳೆಗಳನ್ನು ಹಳೆಯದರ ತುದಿಗೆ ಗಂಟು ಹಾಕದೆ ಹಳೆಯದನ್ನು ಬಿಡುತ್ತೇವೆಯೇ? ಲಿನಕ್ಸಿನಲ್ಲಿ ಫೈಲಿನ ಜೊತೆಗೆ, ಹೆಸರುಗಳಿರುವ ಫೋಲ್ಡರನ್ನೂ ಡಿಸ್ಕಿಗೆ ಬರೆಸಬೇಕು, ಇಲ್ಲವಾದರೆ ಒಳಗಿನದು ಉಳಿದು ಹೆಸರು ಕಳೆದುಹೋಗಬಹುದು. ಇಷ್ಟನ್ನೂ ಮಾಡಿ, ಲ್ಯಾಪ್‌ಟಾಪಿನ ಬ್ಯಾಟರಿ ತೆಗೆದಿಟ್ಟು, ಸೇವ್ ಒತ್ತುವುದು, ವೈರು ಕೀಳುವುದು. ವಿಂಡೋಸಿನಲ್ಲೂ ಹಾಗೆಯೇ. ಇಪ್ಪತ್ತು ಸಲ ಕಿತ್ತೆ, ಒಂದು ಚೌಕವೂ ಹೋಗಲಿಲ್ಲ.

ಉಳಿದದ್ದು ಮ್ಯಾಕ್. ಲಿನಕ್ಸಿಗೆ ಬರೆದ ಎಫ್‌ಸಿಂಕ್ ಅಲ್ಲಿಯೂ ಓಡುತ್ತದೆ, ತಪ್ಪು ಎಂದು ತೋರಿಸುವುದಿಲ್ಲ. ಆದರೆ ಅಲ್ಲಿ ಅದು ಡಿಸ್ಕಿನ ಬಾಗಿಲವರೆಗೆ ಮಾತ್ರ ತಲುಪಿಸುತ್ತದೆ. ಡಿಸ್ಕಿಗೂ ತನ್ನದೇ ಒಂದು ಪುಟ್ಟ ಮೆಮೊರಿ ಇರುತ್ತದೆ. ಅದರಲ್ಲಿ ಇಟ್ಟುಕೊಂಡು ತನಗೆ ತೋಚಿದಾಗ ಬರೆಯುತ್ತದೆ. ಕೊನೆಯವರೆಗೂ ಬರೆಸಲು ಮ್ಯಾಕಿನಲ್ಲಿ ಬೇರೆ ಕರೆಯೇ ಇದೆ. ಇದನ್ನು ಓದಿದೆ. ಕಾಫಿ ಲೋಟ ಕೈಯಲ್ಲಿ ಹಿಡಿದು, ಎರಡು ಸಲ ಓದಿದೆ. ಸೇರಿಸಬೇಕಾದದ್ದು ಒಂದೇ ಒಂದು ಸಾಲು.

ಆ ಸಾಲು ಬರೆಯಲಿಲ್ಲ. ಊರಿಗೆಲ್ಲ ಇರುವುದು ವಿಂಡೋಸು, ಮ್ಯಾಕ್ ಇಟ್ಟುಕೊಂಡಿರುವ ಮಹಾರಾಣಿ ಒಬ್ಬಳೇ, ಅವಳಿಗಾಗಿ ನಾನು ಇನ್ನೊಂದು ಮಧ್ಯಾಹ್ನ ಕೂರಬೇಕೇ ಅನ್ನಿಸಿತು. ನಾಳೆ ಮಾಡಿದರಾಯಿತು ಎಂದೂ ಅಂದುಕೊಂಡೆ. ಎರಡೂ ನಿಜ. ಆದರೆ ಮೊದಲಿನದು ಹೆಚ್ಚು ನಿಜ.

ಅದು ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ಬಳೆ ತೊಡುತ್ತಿದ್ದಳು, ಮ್ಯಾಕು ಬರೆದುಕೊಳ್ಳುತ್ತಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಅಂದು ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿದೆ: "ಪ್ರೋಗ್ರಾಂ ಹೊಸದು ಮಾಡಿದೀನಿ. ಇನ್ಮೇಲೆ ಸೇವ್ ಅಂದ್ರೆ ಸೇವ್. ಯಾರೂ ಕಾಯೋದು ಬೇಕಿಲ್ಲ, ಮಾವನ್ನ ಸುಮ್ನೆ ನಿಲ್ಲಿಸ್ಕೊಳೋದೂ ಬೇಕಿಲ್ಲ."

ಕೊನೆಯ ಮಾತು ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು. ಓರಗಿತ್ತಿ ತಟ್ಟೆಯಿಂದ ತಲೆ ಎತ್ತಿ, "ಹೌದಾ ಅಕ್ಕ? ನಂದೂ ಹಾಕ್ಕೊಡಿ ಮತ್ತೆ," ಎಂದಳು. ಮರುದಿನ ಬೆಳಿಗ್ಗೆ ಅವಳ ಮ್ಯಾಕಿಗೆ ಹೊಸ ಪ್ರೋಗ್ರಾಂ ಹಾಕಿಕೊಟ್ಟೆ. ಅವಳು ಪಕ್ಕದಲ್ಲಿ ನಿಂತು, "ಎಷ್ಟು ಓದ್ತೀರ ಅಕ್ಕ ನೀವು," ಎಂದಳು. ಹೊಗಳಿಕೆಯನ್ನು ಇಟ್ಟುಕೊಂಡೆ, ಸಾಲನ್ನು ಬರೆಯಲಿಲ್ಲ.

ಆಗ ಅತ್ತೆಯ ಅಂಚು ಮುಕ್ಕಾಲು ಏರಿತ್ತು. ಪೂರ್ತಿಯಾದ ಮೇಲೆ ಮಗ್ಗಕ್ಕೆ ಒಯ್ಯುವಾಗ ಮಾತ್ರ ಪೆನ್‌ಡ್ರೈವಿಗೆ ಇಳಿಸುವುದು ನಮ್ಮ ರೂಢಿ. ಅಲ್ಲಿಯವರೆಗೆ ಇದ್ದದ್ದು ಆ ಒಂದೇ ಫೈಲು. ಅದಾದ ಮೂರನೆಯ ಸಂಜೆ ಇರಬೇಕು, ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಆಯ್ತೇನವ್ವಾ?" ಎಂದು ಮಾವ ಕೂಗಿದ್ದೂ, "ಆಯ್ತು ಮಾವ" ಎಂದು ಅವಳು ತಕ್ಷಣ ಅಂದದ್ದೂ ಕೇಳಿಸಿತು. ಅವಳ ಬಾಯಲ್ಲಿ ಅಷ್ಟು ಬೇಗ ಆ ಮಾತು ಬಂದದ್ದು ಅದೇ ಮೊದಲು. ಮೈನ್ ಇಳಿಯಿತು. ಬಳೆಯ ಸದ್ದು ಕೇಳಿಸಿದ್ದು ಆಮೇಲೆ, ಕತ್ತಲಲ್ಲಿ.

ಬೆಳಿಗ್ಗೆ ಅವಳು ಕೋಣೆಯಿಂದ ಕಿರುಚಲಿಲ್ಲ, ಅಳಲಿಲ್ಲ. ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ಸ್ವಲ್ಪ ಬರ್ತೀರಾ?" ಎಂದಳು. ಹೋಗಿ ನೋಡಿದೆ. ಫೈಲಿನ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಹೆಸರು ಬದಲಾಗಿ ಹಳೆಯ ಫೈಲು ಅಳಿದಿತ್ತು, ಹೊಸದರ ಚೌಕಗಳು ಡಿಸ್ಕಿಗೆ ತಲುಪಿರಲಿಲ್ಲ. ಹನ್ನೊಂದು ದಿನದ ಕೆಲಸ. ಕಾಗದದಲ್ಲಿ ಅವಳು ಮುಗಿಸಿದ ಕಡೆಯೆಲ್ಲ ಮಡಿಕೆ ಇನ್ನಷ್ಟು ಹರಿದಿತ್ತು, ಅರಿಶಿನದ ಗುರುತಿದ್ದ ಮೂಲೆ ಪುಡಿಯಾಗಿ ಉದುರಿಹೋಗಿತ್ತು.

ಮಾವ ಬಂದರು, ಗಂಡ ಬಂದರು, ಮೈದುನ ಬಂದ. "ಯಾರಾದ್ರೂ ಮುಟ್ಟಿದ್ರಾ?" ಎಂದು ಮೈದುನ ಕೇಳಿದ. ನಾನು, "ನಾನಂತೂ ಇತ್ತ ಬಂದೇ ಇಲ್ಲಪ್ಪ," ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೆ ಯಾರೂ ಗಮನಿಸಲಿಲ್ಲ, ಎಲ್ಲರೂ ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆ ಉದುರಿದ ಪುಡಿಯನ್ನು ಅಂಗೈಯಲ್ಲಿ ಗುಡಿಸಿಕೊಂಡು, "ಹೋಗ್ಲಿ ಬಿಡು," ಎಂದರು. ಓರಗಿತ್ತಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಏನಾಯ್ತೋ ಗೊತ್ತಿಲ್ಲ ಅಕ್ಕ, ನನ್ ಕೈಗುಣವೇ ಹೋಯ್ತು," ಎಂದಳು.

ಅವತ್ತು ಬೆಳಿಗ್ಗೆಯೇ ಆ ಸಾಲು ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಅತ್ತೆ ಕಾಗದವನ್ನು ಈ ಸಲ ನನ್ನ ಕೈಗೆ ಕೊಟ್ಟರು. ಯಾವುದಕ್ಕೆ ಅಷ್ಟು ಆಸೆಪಟ್ಟಿದ್ದೆನೋ ಅದು ಬಂದಾಗ ಮಡಿಲಲ್ಲಿ ಕೆಂಡ ಇಟ್ಟುಕೊಂಡಂತಿತ್ತು, ಆದರೂ ಹಿಂದಕ್ಕೆ ಕೊಡಲಿಲ್ಲ. ನಾನು ಚೌಕ ತುಂಬಿದೆ, ಓರಗಿತ್ತಿ ಪಕ್ಕದಲ್ಲಿ ಕೂತು ಭೂತಗನ್ನಡಿ ಹಿಡಿದು "ಮೂರು ತುಂಬಿ, ಎರಡು ಬಿಡಿ, ಒಂದು ತುಂಬಿ" ಎಂದು ಓದಿದಳು. ಉದುರಿದ ಮೂಲೆ ಬಂದಾಗ ಅತ್ತೆ ಕಣ್ಣು ಮುಚ್ಚಿ ಬೆರಳು ಮಡಿಸುತ್ತ ನೆನಪಿನಿಂದ ಹೇಳಿದರು. ಸಂಜೆಯಾದಾಗ, "ನೀನೇ ಒತ್ತು," ಎಂದು ಕೀಬೋರ್ಡನ್ನು ಅವಳ ಕಡೆ ಸರಿಸಿದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀವೇ ಒತ್ತಿ ಅಕ್ಕ. ನನ್ ಕೈ ಬೇಡ."

ನಾನು ಒತ್ತಿದೆ. ಉಳಿಯಿತು. ಪ್ರತಿದಿನ ಉಳಿಯಿತು. ಅತ್ತೆ ಆ ರುದ್ರಾಕ್ಷಿ ಅಂಚಿನ ಸೀರೆ ಉಟ್ಟು ಬೀದಿಯ ಹತ್ತು ಮನೆಗೆ ಹೋಗಿ ಬಂದರು, ಹೋದಲ್ಲೆಲ್ಲ ನಮ್ಮ ದೊಡ್ಡ ಸೊಸೆಯ ಕೈಗುಣ ಎಂದರು. ಈಗ ಮನೆಯಲ್ಲಿ ಹೆಪ್ಪು ಹಾಕುವವಳು ನಾನು. ಕೊತ್ತಂಬರಿ ಬಿತ್ತುವವಳೂ ನಾನು. ಮೊಸರು ಸುಮಾರಾಗಿ ಆಗುತ್ತದೆ, ಆದರೂ ಯಾರೂ ಏನೂ ಅನ್ನುವುದಿಲ್ಲ. ಓರಗಿತ್ತಿ ಬಸುರಿಯಾದಳು, ಹೆಣ್ಣುಮಗು ಹುಟ್ಟಿತು. ಮ್ಯಾಕು ಸೀರೆಯ ತುಂಡು ಹೊದ್ದುಕೊಂಡು ಕೋಣೆಯಲ್ಲಿ ಹಾಗೇ ಕೂತಿದೆ. ಅವಳು ಅದರ ಮುಂದೆ ಮತ್ತೆ ಕೂರಲಿಲ್ಲ.

ಮಗುವಿಗೆ ಅನ್ನ ಉಣಿಸುವ ಶಾಸ್ತ್ರ ಈಚೆಗೆ ಆಯಿತು. ನಮ್ಮ ಮನೆಯಲ್ಲಿ ಮೊದಲ ತುತ್ತು ತಾಯಿಯದು. ನನ್ನ ಇಬ್ಬರು ಮಕ್ಕಳಿಗೂ ನಾನೇ ಇಟ್ಟವಳು. ಪಾಯಸದ ಬೆಳ್ಳಿ ಬಟ್ಟಲನ್ನು ಅತ್ತೆ ಓರಗಿತ್ತಿಗೆ ಕೊಟ್ಟರು. ಅವಳು ಅದನ್ನು ತಂದು ನನ್ನ ಮುಂದೆ ಹಿಡಿದಳು.

"ನೀವು ಉಣಿಸಿ ಅಕ್ಕ. ನಿಮ್ ಕೈಗುಣ ಇರ್ಲಿ ಮಗೂಗೆ."

ಎದ್ದು ಅವಳನ್ನು ಒಳಗೆ ಕರೆದುಕೊಂಡು ಹೋದೆ. "ಕೈಗುಣ ಅಲ್ಲ ಕಣೇ ಅದು," ಎಂದೆ. ಮೆಮೊರಿ, ಡಿಸ್ಕು, ಮ್ಯಾಕಿಗೆ ಬೇರೆ ಕರೆ ಬೇಕಾದದ್ದು, ಅವಳ ಬಳೆ, ಆ ಒಂದು ಸಾಲು, ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. "ಪ್ರೋಗ್ರಾಂದೇ ತಪ್ಪು. ಆ ಸಾಲು ಇರ್ಲಿಲ್ಲ."

ಅವಳು ಪೂರ್ತಿ ಕೇಳಿಸಿಕೊಂಡಳು. "ಅದು ನಿಮಗೆ ಆಮೇಲೆ ತಾನೇ ಗೊತ್ತಾಗಿದ್ದು?" ಎಂದಳು. "ಗೊತ್ತಿದ್ದಿದ್ರೆ ನೀವು ಮೊದಲೇ ಹಾಕಿರ್ತಿದ್ರಿ. ಇಷ್ಟು ಜನರಲ್ಲಿ ನನ್ ಕೈಯಲ್ಲೇ ಹೋಗ್ಬೇಕು ಅಂತ ಇತ್ತಲ್ಲ ಅಕ್ಕ, ಅದಕ್ಕೇ ಕೈಗುಣ ಅನ್ನೋದು. ನನ್ ಸಮಾಧಾನಕ್ಕೆ ಹೇಳ್ಬೇಡಿ."

ಇಲ್ಲ, ಮೊದಲೇ ಗೊತ್ತಿತ್ತು ಎನ್ನಲು ಬಾಯಿ ತೆರೆದೆ. ಹೊರಗಿನಿಂದ ಅತ್ತೆ, "ಎಲ್ಲವ್ವಾ ದೊಡ್ಡೋಳು? ಮಗು ಅಳ್ತಾ ಇದೆ," ಎಂದು ಕೂಗಿದರು. ನನ್ನನ್ನೇ ಕೂಗಿದರು. ಸುಳ್ಳೇಕೆ ಹೇಳಲಿ, ಆ ಕೂಗು ಕೇಳಿ ನನಗೆ ಹಿತವಾಯಿತು. ಬಾಯಿ ಮುಚ್ಚಿದೆ. ಹೋಗಿ ಮಣೆಯ ಮೇಲೆ ಕೂತೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೆ. ಅದರ ತಾಯಿ ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಮಗು ಬಾಯಿ ತೆರೆಯಿತು, ನಾನು ಮೊದಲ ತುತ್ತು ಇಟ್ಟೆ.